ನಡಾವಳಿಯ ಪ್ರಕಾರ ಇಲ್ಲದ ಮುಖ

ಗೌಸ್ ಅಂಕಲ್ ಆ ಚಿತ್ರವನ್ನು ಏನೊಂದೂ ಯೋಚಿಸದೆ, ಏಳೇ ನಿಮಿಷದಲ್ಲಿ, ಧ್ಯಾನಕ್ಕೆ ಕೂತವರಷ್ಟು ಶಾಂತವಾಗಿ ಬರೆದು ಮುಗಿಸಿದರು ಎಂದು ಸ್ವೀಡನ್ನಿನ ಲಿಂಕೋಪಿಂಗ್‌ನ ನಮ್ಮ ಜನ ಈಗಲೂ ಹೇಳುತ್ತಾರೆ. ಹೊಸದಾಗಿ ಬಂದ ಕುಟುಂಬಕ್ಕೆ ಪರ್ಸನ್‌ನುಮ್ಮರ್ ಎಂಬ ಸರ್ಕಾರಿ ಗುರುತಿನ ಸಂಖ್ಯೆ ಮಾಡಿಸುವುದು ಹೇಗೆಂದು ಹೇಳಿಕೊಟ್ಟ ಮೇಲೆ ಎರಡನೆಯದಾಗಿ ಹೇಳುವುದು ಈ ಕಥೆಯನ್ನೇ. ಇದರಲ್ಲಿ ‘ಗೌಸ್ ಅಂಕಲ್’ ಎಂಬೆರಡು ಪದ ಬಿಟ್ಟರೆ ನಾನು ಒಪ್ಪುವಂಥದ್ದು ಏನೂ ಇಲ್ಲ. ಏಳು ನಿಮಿಷವಲ್ಲ, ಹತ್ತಿರ ಹತ್ತಿರ ಅರ್ಧ ಗಂಟೆ. ಶಾಂತವಾಗಿ ಅಂತೂ ಅಲ್ಲವೇ ಅಲ್ಲ, ಅವರು ಕೂಗಾಡುತ್ತಿದ್ದರು. ಇನ್ನು ಯೋಚಿಸದೆ ಎನ್ನುವುದು. ಆ ಹೊತ್ತಿನಲ್ಲಿ ಅವರಷ್ಟು ಯೋಚಿಸುತ್ತಿದ್ದ ಮನುಷ್ಯ ಇಡೀ ಊರಿನಲ್ಲಿ ಇನ್ನೊಬ್ಬನಿರಲಿಲ್ಲ. ಯೋಚನೆ ಚಿತ್ರದ ಬಗ್ಗೆ ಇರಲಿಲ್ಲ, ಅಷ್ಟೇ. ನನಗೆ ಹೇಗೆ ಗೊತ್ತು ಅಂದರೆ, ಅವರು ಕೂಗಾಡುತ್ತಿದ್ದದ್ದು ನನ್ನ ಮೇಲೆ.

ಅವರ ಊರು ರಾಣೆಬೆನ್ನೂರು. ಕೆಲಸ, ಯಂತ್ರದ ಬಿಡಿಭಾಗಗಳನ್ನು ಅಳೆಯುವುದು. ಕೂದಲೆಳೆಯಷ್ಟು ವ್ಯತ್ಯಾಸ ಕಂಡರೂ ಭಾಗವನ್ನು ವಾಪಸ್ ಕಳಿಸುವ ಅಧಿಕಾರ ಅವರಿಗಿತ್ತು. ಆ ಅಧಿಕಾರವನ್ನು ಸಂಜೆ ಆಫೀಸಿನಲ್ಲೇ ಬಿಟ್ಟು ಬರುವ ಅಭ್ಯಾಸ ಇರಲಿಲ್ಲ. ಕೋಟಿನ ಜೇಬಿನಲ್ಲಿ ಸದಾ ಬೆರಳುದ್ದದ ಒಂದು ರಸಮಟ್ಟ. ಯಾರ ಮನೆಗೆ ಊಟಕ್ಕೆ ಹೋದರೂ ಸಲಾಂ ಹೇಳಿ, ಶೂ ಕಳಚಿಟ್ಟು, ಗೋಡೆಗೆ ಹಾಕಿದ ಫ್ರೇಮುಗಳ ನೆತ್ತಿಯ ಮೇಲೆ ಒಂದೊಂದಾಗಿ ರಸಮಟ್ಟ ಇಟ್ಟು, ಗುಳ್ಳೆ ನಡುವಿಗೆ ಬಂದ ಮೇಲೆಯೇ ಸೋಫಾದಲ್ಲಿ ಕೂರುವುದು. ಅವರು ಬರುತ್ತಾರೆಂದರೆ ನಮ್ಮ ಉಮ್ಮ ಬೇಕೆಂದೇ ಒಂದು ಫ್ರೇಮನ್ನು ಸೊಟ್ಟ ಮಾಡಿಡುತ್ತಿದ್ದರು. “ಪಾಪ, ಅಷ್ಟು ದೂರದಿಂದ ಬರುವ ಮನುಷ್ಯ. ಏನೂ ಸಿಗದಿದ್ದರೆ ಬೇಜಾರಾಗ್ತದೆ” ಎನ್ನುವರು.

ಅವರ ಮನೆಯಲ್ಲಿ ಉರ್ದು, ನಮ್ಮ ಮನೆಯಲ್ಲಿ ಬ್ಯಾರಿ. ಒಬ್ಬರದು ಇನ್ನೊಬ್ಬರಿಗೆ ಅರ್ಧಂಬರ್ಧ. ಹಾಗಾಗಿ ಎರಡು ಮನೆಗಳ ನಡುವೆ ನಡೆಯುತ್ತಿದ್ದದ್ದು ಕನ್ನಡ. ಕರ್ನಾಟಕದಿಂದ ಬಂದ ಮುಸ್ಲಿಮರ ನಮ್ಮ ಸಂಘದಲ್ಲಿ ಬೆಂಗಳೂರು, ಮೈಸೂರಿನವರೆಲ್ಲ ಇರುತ್ತಿದ್ದುದರಿಂದ ಅಂಕಲ್ ರಾಣೆಬೆನ್ನೂರಿನ ಮಾತನ್ನು ಇಸ್ತ್ರಿ ಮಾಡಿ, ಮಡಚಿ ಒಳಗಿಟ್ಟು, ಟಿವಿಯಲ್ಲಿ ವಾರ್ತೆ ಓದುವವರ ಹಾಗೆ ಮಾತಾಡುತ್ತಿದ್ದರು. “ನೋಡಿ, ವಿಷಯ ಏನಂದ್ರೆ” ಎಂದೇ ಪ್ರತಿ ಮಾತೂ ಶುರುವಾಗುತ್ತಿತ್ತು. ನನಗೆ ಅವರಿಟ್ಟ ಹೆಸರು ವಕೀಲಮ್ಮ. ನಾನು ಹೈಸ್ಕೂಲಿನಿಂದ ಚರ್ಚಾಸ್ಪರ್ಧೆಗಳಿಗೆ ಹೋಗುವವಳು. ಚೀಟಿಯಲ್ಲಿ ಬಂದ ಪಕ್ಷ ಹಿಡಿದು ಬೆಳಿಗ್ಗೆ ವಾದಿಸಿ, ಮಧ್ಯಾಹ್ನ ಅದಕ್ಕೆ ತದ್ವಿರುದ್ಧ ವಾದಿಸಿ, ಎರಡರಲ್ಲೂ ಗೆದ್ದು ಮನೆಗೆ ಬರುವುದು ನನಗೆ ಸಹಜ. ಅವರಿಗೆ ಇದು ಕೊನೆಗೂ ಅರ್ಥವಾಗಲಿಲ್ಲ.

“ಹಾಗಾದ್ರೆ ನಿನ್ನ ಸ್ವಂತ ಅಭಿಪ್ರಾಯ ಯಾವುದು ವಕೀಲಮ್ಮ?”

“ಅದನ್ನ ಅಲ್ಲಿ ಯಾರೂ ಕೇಳಲ್ಲ ಅಂಕಲ್.”

ಒಂದು ನವೆಂಬರಿನಲ್ಲಿ ಅವರ ಹೆಂಡತಿ ಶಾಹಿದಾ ಆಂಟಿ ನನಗೆ ಫೋನ್ ಮಾಡಿದರು. “ಸಫಾ, ಇವರು ಚಮಚ ಅಳೀತಾ ಕೂತಿದಾರೆ. ಒಂದೇ ಸೆಟ್ಟಲ್ಲಿ ಎರಡು ಚಮಚದ ಉದ್ದ ಬೇರೆ ಇದೆ ಅಂತ ಅಂಗಡಿಯವರಿಗೆ ಪತ್ರ ಬರೀತಿದಾರೆ. ಬೇಸಿಗೆ ಬರೋ ತನಕ ಎಲ್ಲಾದ್ರೂ ಸೇರಿಸು, ಇಲ್ಲಾಂದ್ರೆ ನಾನು ಎಲ್ಲಾದ್ರೂ ಸೇರ್ಕೋತೀನಿ.” ಸಂಜೆ ತರಗತಿಗಳ ಪಟ್ಟಿ ತೆಗೆದು ನೋಡಿದೆ. ಮಡಕೆ ಮಾಡುವುದು ಭರ್ತಿ. ಬ್ರೆಡ್ ಸುಡುವುದು ಭರ್ತಿ. ಹಕ್ಕಿ ನೋಡುವುದು, ಅದೂ ಭರ್ತಿ. ಒಂದೇ ಒಂದು ಜಾಗ ಉಳಿದಿದ್ದದ್ದು ‘ಯೋಜನೆಯಿಲ್ಲದ ಚಿತ್ರ’ ಎನ್ನುವ ತರಗತಿಯಲ್ಲಿ. ಅವರ ಹೆಸರು ತುಂಬಿಸಿದ ಕೈ ನನ್ನದೇ.

ಮೊದಲ ದಿನ ಅನುವಾದಕ್ಕೆಂದು ಜೊತೆಗೆ ಹೋದೆ. ಕಲಿಸುವವರು ಬ್ರಿಟ್ ಎನ್ನುವ ಮುದುಕಿ. ಉಗುರಿನ ಸಂದಿಯಲ್ಲೆಲ್ಲ ನೀಲಿ ಬಣ್ಣ. ಅವರು ಹಳೆಯ ಮುದ್ರಿತ ಚಿತ್ರಗಳನ್ನು ಮೇಜಿನ ಮೇಲೆ ಹರಡಿ ಹೇಳಿದ್ದು ಇಷ್ಟು: ಎರಡನೇ ಮಹಾಯುದ್ಧ ಮುಗಿದಾಗ ಡೆನ್ಮಾರ್ಕ್, ಹಾಲೆಂಡ್, ಬೆಲ್ಜಿಯಂ ಕಡೆಯ ಕೆಲವು ಎಳೆಯ ಚಿತ್ರಕಾರರಿಗೆ ನೇರ ಗೆರೆ, ಅಚ್ಚುಕಟ್ಟು, ನಕಾಶೆ ಅಂದರೆ ಹೇಸಿಗೆಯಾಯಿತು. ಅಷ್ಟೊಂದು ಅಚ್ಚುಕಟ್ಟಾಗಿ ಯೋಜನೆ ಹಾಕಿ ಮಾಡಿದ್ದಾದರೂ ಏನು, ಊರೂರು ಸುಟ್ಟದ್ದು ತಾನೇ ಎಂದು. ಅವರು ಸಣ್ಣ ಮಕ್ಕಳ ಹಾಗೆ ಬರೆಯತೊಡಗಿದರು. ಮೊದಲು ಬಣ್ಣ, ಆಮೇಲೆ ಕೈ ಹೋದ ಕಡೆಗೆ ಕುಂಚ. ಆ ರಾಡಿಯೊಳಗಿಂದ ಒಂದು ಪ್ರಾಣಿಯೋ, ಗುಡ್ಡೆಗಣ್ಣಿನ ಮನುಷ್ಯನೋ ತಾನಾಗಿ ಎದ್ದು ಬಂದರೆ ಬರಲಿ. “ನೀವು ಅದನ್ನು ಬರೆಯಬಾರದು. ಅದು ಬರಬೇಕು. ಮುಂದಿನ ಗೆರೆ ಎಲ್ಲಿಗೆ ಹೋಗುತ್ತದೆಂದು ಮೊದಲೇ ಗೊತ್ತಿದ್ದರೆ, ಅದನ್ನು ಎಳೆಯಲೇಬೇಡಿ.”

ಅಂಕಲ್ ಕೈ ಎತ್ತಿದರು. “ನೋಡಿ, ವಿಷಯ ಏನಂದ್ರೆ, ಅದು ಎಷ್ಟು ಸಲಕ್ಕೆ ಒಂದು ಸಲ ಬರುತ್ತೆ? ಅಂದಾಜು?”

ನಾನು ಅನುವಾದಿಸಿದೆ. ಬ್ರಿಟ್ ಕುಂಚಗಳ ಡಬ್ಬಿ ಎಳೆದುಕೊಂಡರು. ಆಮೇಲೆ ನನ್ನ ಕಡೆ ತಿರುಗಿ, “ಇವರಿಗೆ ಇರುವುದರಲ್ಲೇ ದೊಡ್ಡ ಕುಂಚ ಕೊಡು” ಎಂದರು.

ಎರಡು ಚಳಿಗಾಲ ಕಳೆಯಿತು. ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಎಲ್ಲರಿಗೂ ಸೇರಿದ ಒಂದು ಖಾಲಿ ಕೋಣೆ ಇತ್ತು. ಅದನ್ನು ಅಂಕಲ್ ಭಾನುವಾರಗಳಿಗೆ ಕಾದಿರಿಸಿಕೊಂಡರು. ನೆಲಕ್ಕೆ ಪ್ಲಾಸ್ಟಿಕ್ ಹಾಸಿ, ನಿಲ್ಲುವ ಜಾಗದಲ್ಲಿ ಎರಡು ಪಾದಗಳ ಆಕಾರಕ್ಕೆ ಟೇಪ್ ಅಂಟಿಸಿದರು. ಬಣ್ಣಗಳನ್ನು ಗ್ರಾಮಿನ ಲೆಕ್ಕದಲ್ಲಿ ತೂಗಿ ಡಬ್ಬಿಗೆ ಹಾಕುವರು. ಪಕ್ಕದಲ್ಲಿ ಒಂದು ನೋಟ್‌ಪುಸ್ತಕ. ಅದರಲ್ಲಿ ಗೆರೆಯ ಸಂಖ್ಯೆ, ಉದ್ದ, ಕೋನ, ಕೊನೆಯ ಕಾಲಮ್ಮಿನಲ್ಲಿ: ‘ಯೋಚನೆ ಬಂತೇ?’ ಅದರ ಕೆಳಗೆ ಪುಟಗಟ್ಟಲೆ ಹೌದು, ಹೌದು, ಹೌದು. ನಾನು ನೋಡಿ ನಕ್ಕೆ. ಅವರು ನಗಲಿಲ್ಲ.

“ಕುಂಚ ಎತ್ತೋ ಮುಂಚೆನೇ ಗೊತ್ತಾಗಿಬಿಡುತ್ತೆ ವಕೀಲಮ್ಮ. ಮೂವತ್ತು ವರ್ಷ ಆಯ್ತು. ಈ ಕೈ ಒಂದು ಸಲನೂ ನನ್ನ ಕೇಳದೆ ಎಲ್ಲಿಗೂ ಹೋಗಿಲ್ಲ. ಒಂದೇ ಒಂದು ಸಲ ಹೋಗಲಿ ಅಂತ ಆಸೆ. ಒಂದು ಸಲ ಸಾಕು.”

ಅದು ಹೋದದ್ದು ನೀರುದೋಸೆಯ ದಿನ. ಉಮ್ಮ ಒಂದು ಡಬ್ಬಿ ಕೊಟ್ಟು ಕಳಿಸಿದ್ದರು. ನಾನು ಇಳಿದು ಹೋದಾಗ ಅಂಕಲ್ ಟೇಪಿನ ಪಾದಗಳೊಳಗೆ ನಿಂತು, ಎದೆಯೆತ್ತರದ ಹಲಗೆಯ ಮುಂದೆ ಕುಂಚ ಅದ್ದಿಕೊಂಡಿದ್ದರು. ಡಬ್ಬಿಯೊಳಗೆ ಇಣುಕಿ, ವಾರ್ತೆಯ ದನಿಯಲ್ಲಿ, “ನೋಡಿ, ವಿಷಯ ಏನಂದ್ರೆ, ಇದನ್ನ ದೋಸೆ ಅನ್ನೋಕೆ ಬರಲ್ಲ” ಎಂದರು.

ಅಲ್ಲಿಗೆ ಬಿಡಬಹುದಿತ್ತು. ಬಿಡುವುದು ನನಗೆ ಬರುವುದಿಲ್ಲ.

“ಯಾಕೆ ಬರಲ್ಲ?”

“ಹಿಟ್ಟು ಹುಳಿ ಬಂದಿಲ್ಲ.”

“ಗೋಧಿದೋಸೆಗೆ ಹುಳಿ ಬರಿಸ್ತೀರಾ? ಅದನ್ನ ಏನಂತೀರಿ?”

“ಅದು ತುರ್ತಿಗೆ ಮಾಡೋದು.”

“ತುರ್ತಿಗೆ ಮಾಡಿದ್ರೆ ಹೆಸರು ಬದಲಾಗುತ್ತಾ? ಹೆಂಚಿನ ಮೇಲೆ ಹಿಟ್ಟು ಹೊಯ್ದು ಬೇಯಿಸಿದ್ದು ದೋಸೆ. ನಿಮ್ಮ ವ್ಯಾಖ್ಯಾನ ನಿಮ್ಮ ಅಡುಗೆಮನೆಯಿಂದಾಚೆ ನಿಲ್ಲಲ್ಲ ಅಂಕಲ್.”

ಅಷ್ಟು ವರ್ಷ ಮಡಚಿಟ್ಟದ್ದು ಆಗ ಬಿಚ್ಚಿಕೊಂಡಿತು. “ಹೆಂಚಿನ ಮ್ಯಾಲೆ ಬಿದ್ದಿದ್ದೆಲ್ಲಾ ದೋಸಿ ಅಂದ್ರ ಚಪಾತಿನೂ ದೋಸಿ ಏನ? ಏನ್ ಮಾತಾಡ್ತಿ ನೀ? ನಮ್ಮ ಅಮ್ಮಿ ಸಂಜಿಕ ರುಬ್ಬಿಟ್ಟು, ಮುಂಜಾನೆ ಎದ್ದು ಉಬ್ಬೈತಿಲ್ಲೋ ಅಂತ ನೋಡಾಕಿ. ಉಬ್ಬಲಿಲ್ಲಂದ್ರ ಅವತ್ತ ದೋಸಿ ಇಲ್ಲ, ಮುಗೀತು. ನೀವು ಕಾಯೂದಾಗೂದಿಲ್ಲ ಅಂತ ನೀರ ಸುರದು ಅದಕ್ಕ ದೋಸಿ ಅನಬ್ಯಾಡ್ರಿ. ಒದ್ದಿ ಕಾಗದ ಅದು, ಒದ್ದಿ ಕಾಗದ.”

ಒಂದೊಂದು ಮಾತಿಗೂ ಒಂದೊಂದು ಏಟು ಹಲಗೆಗೆ ಬೀಳುತ್ತಿತ್ತು. ನಾನು ಸ್ಪರ್ಧೆಯಲ್ಲಿ ನಿಂತ ಹಾಗೆ ಒಂದು ಕೈ ಎತ್ತಿ, ಅವರು ಉಸಿರೆಳೆದುಕೊಳ್ಳುವುದಕ್ಕೇ ಕಾದು ಮಾತು ತೂರಿಸುತ್ತಿದ್ದೆ. ಅವರು ನನ್ನನ್ನೇ ನೋಡುತ್ತ, ಟೇಪು ದಾಟಿ, ಡಬ್ಬಿಯಿಂದ ಡಬ್ಬಿಗೆ ಹೋಗುತ್ತ, ಕೆಂಪು, ಕಪ್ಪು, ಹಳದಿ, ಯಾವುದು ಕೈಗೆ ಸಿಕ್ಕಿತೋ ಅದರಲ್ಲಿ ಉತ್ತರ ಕೊಡುತ್ತಿದ್ದರು. ಕೊನೆಗೆ ಇಬ್ಬರಿಗೂ ದನಿ ಸೋತಿತು. ಹಲಗೆಯ ಮೇಲೆ ಯಾರೋ ಇದ್ದರು. ಸಮವಿಲ್ಲದ ಎರಡು ಕಣ್ಣು, ಮುಖದ ಅರ್ಧದಷ್ಟು ಬಾಯಿ, ಮೇಲೆತ್ತಿದ ಒಂದು ಕೈ.

“ಇದು ಯಾವಾಗ ಬಂತು?” ಅಂಕಲ್ ಮೆಲ್ಲಗೆ ಕೇಳಿದರು. ನೋಟ್‌ಪುಸ್ತಕ ತೆಗೆದು ಕೊನೆಯ ಕಾಲಮ್ಮಿನಲ್ಲಿ ‘ಇಲ್ಲ’ ಎಂದು ಬರೆದರು. ಅಕ್ಷರ ಸೊಟ್ಟಗಿತ್ತು. ಆಮೇಲೆ ಬಣ್ಣದ ಡಬ್ಬಿಯೊಂದರ ಮೇಲೆ ಕೂತು, ಹಲಗೆಯಿಂದ ಕಣ್ಣು ತೆಗೆಯದೆ, ನೀರುದೋಸೆ ಅಷ್ಟನ್ನೂ ತಿಂದು ಮುಗಿಸಿದರು.

ಆ ಹೊತ್ತಿಗೇ ನಮ್ಮ ಸಂಘದ ಬಾಡಿಗೆ ಹಾಲಿನ ಗೋಡೆಯಲ್ಲಿ ಎಲ್ಲೋ ಪೈಪು ಸೋರಿ, ಕಿಟಕಿಯಷ್ಟು ದೊಡ್ಡ ಹಳದಿ ಕಲೆ ಎದ್ದಿತ್ತು. ಕಟ್ಟಡದವರು ಪೇಂಟರನ್ನು ಕಳಿಸುವುದು ಎಂಟು ತಿಂಗಳಿಗೆ. ಕಲೆ ಮುಚ್ಚುವಷ್ಟು ದೊಡ್ಡದು ಯಾರ ಬಳಿಯಾದರೂ ಇದೆಯಾ ಎಂದು ಅಧ್ಯಕ್ಷ ಅನ್ವರ್ ಅಂಕಲ್ ಕೇಳಿದರು. ಗೌಸ್ ಅಂಕಲ್ ಹಲಗೆಯನ್ನು ತಾವೇ ಹೊತ್ತು ತಂದು, ರಸಮಟ್ಟ ಇಟ್ಟು ತೂಗುಹಾಕಿದರು. ನಾಲ್ಕು ಜನ ನೋಡಲಿ ಎಂಬ ಆಸೆಯೂ ಇತ್ತು ಅಂತ ಕಾಣುತ್ತದೆ.

“ಇದರಲ್ಲಿ ಯಾರೂ ಇಲ್ಲ ತಾನೇ?” ಅನ್ವರ್ ಅಂಕಲ್ ವಿಚಾರಿಸಿದರು.

“ಬಣ್ಣ” ಎಂದರು ಗೌಸ್ ಅಂಕಲ್. ಅದು ಸುಳ್ಳಲ್ಲ.

ಮೂರು ವಾರ ಯಾರಿಗೂ ಏನೂ ಕಾಣಲಿಲ್ಲ. ಆಮೇಲೆ ಅನ್ವರ್ ಅಂಕಲ್‌ರ ನಾಲ್ಕು ವರ್ಷದ ಮಗಳು ಜೋಯಾ ಚಿತ್ರಕ್ಕೆ ಬೆರಳು ತೋರಿಸಿ “ಗುಬ್ಬೆ” ಎಂದಳು. ಶಿಶುವಿಹಾರದಲ್ಲಿ, ಇಲ್ಲಿಯವರ ದಾಗಿಸ್‌ನಲ್ಲಿ ಮಕ್ಕಳು ಬರೆಯುವ ಮನುಷ್ಯರಿಗೆಲ್ಲ ಅದೇ ಹೆಸರು. ಅಷ್ಟೇ, ಆಮೇಲೆ ಯಾರಿಗೂ ಅದು ಕಾಣದೆ ಹೋಗಲಿಲ್ಲ. ರಂಜಾನ್ ಹತ್ತಿರ ಬರುತ್ತಿತ್ತು, ಸಂಜೆಯ ನಮಾಜ್ ಅದೇ ಹಾಲಿನಲ್ಲಿ. ಮುಖವಿರುವ ಚಿತ್ರ ಅಲ್ಲಿ ಬೇಡ ಎನ್ನುವುದು ನಮ್ಮವರ ರೂಢಿ, ಅದರಲ್ಲಿ ನನಗೂ ತಕರಾರಿಲ್ಲ. ಇಳಿಸೋಣವೆಂದು ಇಳಿಸಿದರೆ ಹಿಂದಿನ ಕಲೆಯಲ್ಲಿ ಜೋಯಾಗೆ ಕರಡಿ ಕಂಡಿತು. ಮತ್ತೆ ಏರಿಸಿದರು. ಬಟ್ಟೆ ಹೊದಿಸಿದರೆ ಒಳಗೆ ಯಾರೋ ಇದ್ದಾರೆಂದು ನಾವೇ ಒಪ್ಪಿಕೊಂಡ ಹಾಗೆ. ವಾಪಸ್ ಕೊಡೋಣವೆಂದರೆ, ದಾನ ಬಂದದ್ದು ಸಂಘದ ಆಸ್ತಿಪಟ್ಟಿಗೆ ಸೇರಿದೆ, ತೆಗೆಯಲು ವಾರ್ಷಿಕ ಸಭೆಯ ಒಪ್ಪಿಗೆ ಬೇಕು, ವಾರ್ಷಿಕ ಸಭೆ ಮುಗಿದು ಹದಿನೈದು ದಿನವಾಗಿತ್ತು. ಭಾರತದಲ್ಲಿ ಒಂದು ಮಾತಿಗೆ ಮುಗಿಯುತ್ತಿದ್ದ ವಿಷಯ; ಸ್ವೀಡನ್‌ಗೆ ಬಂದ ಮೇಲೆ ನಮ್ಮವರು ಸ್ವೀಡಿಷರಿಗಿಂತ ಹೆಚ್ಚು ಸಭಾನಿಯಮ ಕಲಿತಿದ್ದಾರೆ. ಕೊನೆಗೆ ಯಾರೋ ಸೂಚಿಸಿದರು: ಕಣ್ಣುಗಳ ಮೇಲೆ ಅಡ್ಡಕ್ಕೆ ಒಂದು ಗೆರೆ ಎಳೆದುಬಿಡಲಿ. ಏಳು ನಿಮಿಷದಲ್ಲಿ ಇಡೀ ಚಿತ್ರ ಬರೆದವರಿಗೆ ಒಂದು ಗೆರೆ ಎಷ್ಟರ ಕೆಲಸ? ಏಳು ನಿಮಿಷದ ಕಥೆ ಹುಟ್ಟಿದ್ದು ಇಲ್ಲಿ.

ಗೌಸ್ ಅಂಕಲ್ ಅವತ್ತು ಸಂಜೆ ನಮ್ಮ ಮನೆಗೆ ಬಂದರು. ಶೂ ಕಳಚಿ, ಯಾವ ಫ್ರೇಮನ್ನೂ ಮುಟ್ಟದೆ ಕೂತರು. ಉಮ್ಮ ಗಾಬರಿಯಾಗಿ ಚಹಾಕ್ಕೆ ನೀರಿಟ್ಟರು.

“ಒಂದೇ ಗೆರೆಯಂತೆ. ಅದು ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತೆ ಅಂತ ನನಗೆ ಈಗಲೇ ಗೊತ್ತು ವಕೀಲಮ್ಮ. ಇಡೀ ಹಲಗೆಯಲ್ಲಿ ಗೊತ್ತಿದ್ದು ಎಳೆದ ಗೆರೆ ಅದೊಂದೇ ಆಗುತ್ತೆ. ಆಮೇಲೆ ಉಳಿದದ್ದು ಏನಿದ್ರೂ ಸತ್ತ ಹಾಗೆ.” ನನ್ನ ಕಡೆ ತಿರುಗಿ, “ಅದರಲ್ಲಿ ಮುಖ ಇಲ್ಲ ಅಂತ ಸಾಧಿಸಿಕೊಡು. ನಿನಗೆ ಯಾವ ಪಕ್ಷ ಆದ್ರೂ ಆಗುತ್ತಲ್ಲ” ಎಂದರು.

ಮುಖ ಇತ್ತು. ಬಣ್ಣ ಒದ್ದೆಯಿರುವಾಗಲೇ ನೋಡಿದವಳು ನಾನು. ಆದರೂ ಒಪ್ಪಿದೆ. ಚೀಟಿಯಲ್ಲಿ ಬಂದ ಪಕ್ಷದಂತೆ ಒಪ್ಪಿದೆ, ಖುಷಿಯಿಂದಲೇ.

ಸಭೆ ಶನಿವಾರ ಮಧ್ಯಾಹ್ನ. ಕಾರ್ಯಸೂಚಿ, ಮಾತಾಡುವವರ ಪಟ್ಟಿ, ನಡುವೆ ಫೀಕಾ, ಅಂದರೆ ಕಾಫಿ ತಿಂಡಿಯ ಬಿಡುವು. ನಾನು ಮೊದಲು ಗೋಡೆಯ ಸಾಕೆಟ್ ತೋರಿಸಿದೆ. ಎರಡು ಕಣ್ಣು. ಆಮೇಲೆ ಕಿಟಕಿಯಾಚೆ ನಿಂತಿದ್ದ ಅನ್ವರ್ ಅಂಕಲ್‌ರ ಕಾರು. ಎರಡು ಕಣ್ಣು, ಒಂದು ಬಾಯಿ, ಸ್ವಲ್ಪ ಸಿಟ್ಟು ಕೂಡ. ಆಮೇಲೆ ಅವರ ತಟ್ಟೆಯಲ್ಲಿದ್ದ ಒಣದ್ರಾಕ್ಷಿಯ ಬನ್.

“ಇದಕ್ಕೂ ಎರಡು ಕಣ್ಣಿತ್ತು. ಒಂದನ್ನ ನೀವು ಈಗ ತಾನೇ ತಿಂದ್ರಿ.”

ಅನ್ವರ್ ಅಂಕಲ್ ಬನ್ ಕೆಳಗಿಟ್ಟರು.

ಆಮೇಲೆ ಎಲ್ಲರಿಗೂ ಒಂದೊಂದು ಚೀಟಿ ಹಂಚಿ, ಚಿತ್ರದಲ್ಲಿ ಯಾರು ಕಾಣುತ್ತಾರೆ ಬರೆಯಿರಿ ಎಂದೆ. ಒಬ್ಬರಿಗೆ ಮೈಸೂರಿನ ಹಳೇ ಮನೆ ಓನರ್. ಒಬ್ಬರಿಗೆ ಆಕಳು. ಅನ್ವರ್ ಅಂಕಲ್‌ಗೆ ಅವರ ಮಾವ. ಮೂವರಿಗೆ ಲಾಂಡ್ರಿ ರೂಮಿನಲ್ಲಿ ‘ಮೆಷಿನ್ ಒರೆಸಿಟ್ಟು ಹೋಗಿ’ ಎಂದು ಚೀಟಿ ಅಂಟಿಸುವ ಮುದುಕ, ಆದರೆ ಆ ಮೂವರೂ ಬೇರೆ ಬೇರೆ ಕಟ್ಟಡದವರು. ನಾನು ಚೀಟಿಗಳನ್ನು ಜೋರಾಗಿ ಓದಿ ಮುಗಿಸಿದೆ: “ಒಬ್ಬೊಬ್ಬ ಸಾಕ್ಷಿಯೂ ಒಬ್ಬೊಬ್ಬನನ್ನು ನೋಡಿದ್ದಾನೆ ಅಂದರೆ, ಆ ಜಾಗದಲ್ಲಿ ಯಾರೂ ಇರಲಿಲ್ಲ. ನೀವು ತಂದವರನ್ನೇ ನೀವು ನೋಡ್ತಿದೀರಿ.”

ಕೈ ಎತ್ತಿಸಿ ಎಣಿಸಿದರು. ಗೆದ್ದೆ. ನಡಾವಳಿಯ ಏಳನೇ ಕಲಂ ಹೀಗಿದೆ: ‘ಚಿತ್ರದಲ್ಲಿ ಮುಖವಿಲ್ಲ. ಕಣ್ಣುಗಳಂತೆ ತೋರುವವು ಕಣ್ಣುಗಳಲ್ಲ.’ ಸರಿಯಾಗಿದೆ ಎಂದು ಇಬ್ಬರು ಸಹಿ ಹಾಕಿದ್ದಾರೆ. ನನ್ನ ವಾದ ಒಬ್ಬರಿಗೆ ಎಷ್ಟು ಹಿಡಿಸಿತೆಂದರೆ, ಮರುದಿನ ಬಂದು ಹಾಲಿನ ಸಾಕೆಟ್‌ಗಳಿಗೆಲ್ಲ ಟೇಪ್ ಅಂಟಿಸಿ ಹೋದರು.

ಜನ ಚದುರಿದ ಮೇಲೂ ಗೌಸ್ ಅಂಕಲ್ ಚಿತ್ರದ ಮುಂದೆ ನಿಂತೇ ಇದ್ದರು. ಹತ್ತಿರ ಹೋದರು, ಹಿಂದೆ ಬಂದರು, ತಲೆ ಓರೆ ಮಾಡಿದರು, ಕನ್ನಡಕ ಒರೆಸಿಕೊಂಡರು.

“ಚೆನ್ನಾಗಿ ಮಾತಾಡಿದೆ.”

“ಥ್ಯಾಂಕ್ಸ್ ಅಂಕಲ್.”

“ಎಷ್ಟು ಚೆನ್ನಾಗಿ ಅಂದ್ರೆ, ಈಗ ನನಗೂ ಕಾಣ್ತಿಲ್ಲ.”

ಹೊಗಳಿದರು ಅಂದುಕೊಂಡೆ. ಮುಂದಿನ ವಾರ ಅವರು ದೊಡ್ಡ ಕುಂಚವನ್ನು ತೊಳೆದು, ಒಣಗಿಸಿ, ಬ್ರಿಟ್‌ಗೆ ಒಪ್ಪಿಸಿ ಬಂದರೆಂದು ಶಾಹಿದಾ ಆಂಟಿ ಹೇಳಿದಾಗಲೂ ನನಗೆ ತಲೆಗೆ ಹೋಗಲಿಲ್ಲ. ಮರುವರ್ಷ ವಾರ್ಷಿಕ ಸಭೆ ಚಿತ್ರವನ್ನು ವಾಪಸ್ ಕೊಡಲು ಒಪ್ಪಿತು. ಹಿಂಬದಿಗೆ ಏಳನೇ ಕಲಮಿನ ಪ್ರತಿ ಅಂಟಿಸಿಯೇ ಕೊಟ್ಟರು. ಅಷ್ಟರಲ್ಲಿ ಅಂಕಲ್‌ಗೆ ಕಾರ್ಲ್‌ಸ್ಕ್ರೂನಾದಲ್ಲಿ ಬೇರೆ ಕೆಲಸ ಸಿಕ್ಕಿತ್ತು.

ಹೋದ ಅಕ್ಟೋಬರಿನಲ್ಲಿ ಒಂದು ಚರ್ಚಾಸ್ಪರ್ಧೆಗೆ ತೀರ್ಪುಗಾರಳಾಗಿ ಆ ಊರಿಗೆ ಹೋದವಳು ಅವರ ಮನೆಗೆ ಹೋದೆ. ಸಮುದ್ರದ ಪಕ್ಕದ ಮನೆ. ಹಲಗೆ ಹಜಾರದ ಗೋಡೆಯ ಮೇಲಿತ್ತು, ತಲೆಕೆಳಗಾಗಿ.

“ಶುಕ್ರವಾರ ಶುಕ್ರವಾರ ಕಾಲು ಸುತ್ತು ತಿರುಗಿಸ್ತಾರೆ” ಎಂದರು ಶಾಹಿದಾ ಆಂಟಿ. “ಯಾವ ಕಡೆಯಿಂದಾದ್ರೂ ಮತ್ತೆ ಬರುತ್ತೇನೋ ಅಂತ. ನನ್ನನ್ನೂ ಕರೆದು ನಿಲ್ಲಿಸ್ತಾರೆ. ನನಗೆ ಕಾಣುತ್ತೆ ಅಂದ್ರೆ ನಂಬಲ್ಲ, ‘ನೀನು ಆ ಸಭೆಗೆ ಬಂದಿರ್ಲಿಲ್ಲ’ ಅಂತಾರೆ.”

ಅಂಕಲ್ ನನ್ನ ಕೈಯಿಂದ ಕೋಟು ತೆಗೆದುಕೊಂಡರು. ಸ್ವಲ್ಪ ಇಳಿದುಹೋಗಿದ್ದರು. “ನೀನೇ ಬಂದಿದ್ದು ಒಳ್ಳೇದಾಯ್ತು ವಕೀಲಮ್ಮ. ನೋಡಿ, ವಿಷಯ ಏನಂದ್ರೆ, ನೀವು ಚರ್ಚೆ ಮಾಡೋರು ಬೆಳಿಗ್ಗೆ ಒಂದು ಪಕ್ಷ ವಾದ ಮಾಡಿದ್ರೆ ಮಧ್ಯಾಹ್ನ ಇನ್ನೊಂದು ಮಾಡ್ತೀರಲ್ಲ? ಆ ಇನ್ನೊಂದು ಬಾಕಿ ಇದೆ.”

ಹಲಗೆಯನ್ನು ನೆಟ್ಟಗೆ ತಿರುಗಿಸಿ, ಕುರ್ಚಿ ಎಳೆದುಕೊಂಡು ಕೂತರು. ನಾನು ಎದ್ದು ನಿಂತು ಶುರು ಮಾಡಿದೆ. ಇದು ಕಣ್ಣು ಅಂಕಲ್, ಇಲ್ಲಿ ನೋಡಿ. ಅವರು ಶಾಂತವಾಗಿ, “ಸಾಕೆಟ್‌ಗೂ ಎರಡು ಇದೆ” ಎಂದರು. ಇದು ಬಾಯಿ. “ಅನ್ವರ್ ಕಾರಿಗೂ ಇದೆ.” ನಾಲ್ಕು ವರ್ಷದ ಮಗುವಿಗೇ ಕಂಡಿತಲ್ಲ, ಮಗುವಿಗೇನು ಸ್ವಾರ್ಥ? “ಆ ಮಗುಗೆ ಕಲೆಯಲ್ಲಿ ಕರಡಿನೂ ಕಂಡಿತ್ತು.” ಅಷ್ಟೊಂದು ಜನಕ್ಕೆ ಯಾರೋ ಒಬ್ಬರು ಕಂಡರಲ್ಲ. “ಅವರವರು ತಂದವರನ್ನ ಅವರವರು ನೋಡಿದ್ರು. ನೀನೇ ಹೇಳಿದ್ದು.” ಅರ್ಧ ಗಂಟೆ ಮಾತಾಡಿದೆ. ನನ್ನ ಒಂದೊಂದು ಮಾತಿಗೂ ನನ್ನದೇ ಉತ್ತರ, ವಾರ್ತೆ ಓದಿದ ಹಾಗೆ, ಒಂದು ಅಕ್ಷರ ತಪ್ಪಿಲ್ಲದೆ. ಇಷ್ಟು ವರ್ಷಗಳಲ್ಲಿ ನಾನು ಪೂರ್ತಿಯಾಗಿ ಸೋತದ್ದು ಅದೊಂದೇ ಸಲ. ಗೆದ್ದವರ ಮುಖದಲ್ಲಿ ಅಂಥ ನಿರಾಸೆಯನ್ನೂ ನಾನು ಬೇರೆಲ್ಲೂ ನೋಡಿಲ್ಲ.

ಶಾಹಿದಾ ಆಂಟಿ ಅಡುಗೆಮನೆಯ ಬಾಗಿಲಲ್ಲಿ ಟವೆಲ್ ಹಿಡಿದು ನಿಂತು ನಮ್ಮಿಬ್ಬರನ್ನೂ, ಆಮೇಲೆ ಹಲಗೆಯನ್ನೂ ನೋಡಿದರು. ವಾದದ ಭರದಲ್ಲಿ ಮೇಲೆತ್ತಿದ ಕೈಯನ್ನು ನಾನು ಇನ್ನೂ ಇಳಿಸಿರಲಿಲ್ಲ. ಹಲಗೆಯ ಮೇಲಿನ ಕೈಯೂ ಹಾಗೇ ಮೇಲೆದ್ದಿತ್ತು.

“ಅಂಕಲ್” ಎಂದೆ, “ಅವತ್ತು ಸಭೆಯಲ್ಲಿ ಎಲ್ಲರ ಕೈಗೂ ಚೀಟಿ ಕೊಟ್ಟೆ, ನಿಮಗೊಬ್ಬರಿಗೆ ಕೊಡಲಿಲ್ಲ. ನೆಲಮಾಳಿಗೆಯಲ್ಲಿ ಅದು ಬಂದ ದಿನ ನಿಮಗೆ ಅಲ್ಲಿ ಕಂಡಿದ್ದು ಯಾರು? ನಾನಾ?”